ಎದುರಂಗಡಿಯ ಕಪ್ಪು ಸ್ಕ್ರೀನು

ಸ್ಟುಡಿಯೋ ದೇವರಾಜುವಿಗೆ ಎದುರಂಗಡಿಯ ಸಾದಿಕ್‌ನ ಮೇಲೆ ಕೋಪವೇನೂ ಇರಲಿಲ್ಲ. ಕೋಪವಿದ್ದದ್ದು ಅವನ ಕಂಪ್ಯೂಟರಿನ ಮೇಲೆ. ಆದರೆ ಕಂಪ್ಯೂಟರನ್ನು ಬೈದರೆ ಕೇಳಿಸಿಕೊಳ್ಳುವವರಿಲ್ಲ, ಆದ್ದರಿಂದ ಸಾದಿಕ್‌ನನ್ನೇ ಬೈಯುತ್ತಿದ್ದ.

ಚನ್ನಪಟ್ಟಣದ ಪೇಟೆ ಬೀದಿಯಲ್ಲಿ, ಬೊಂಬೆ ಅಂಗಡಿಗಳ ಸಾಲು ಮುಗಿಯುವ ಕಡೆ, ಇಬ್ಬರ ಅಂಗಡಿಗಳೂ ಮುಖಾಮುಖಿ ಕೂತಿದ್ದವು. ದೇವರಾಜು ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ತೆಗೆದು ತಾನೇ ಡಿವಿಡಿ ಮಾಡಿಕೊಡುತ್ತಿದ್ದ. ಸಾದಿಕ್ ಕ್ಯಾಮೆರಾ ಮುಟ್ಟುವವನಲ್ಲ. ಯಾರಾದರೂ ತೆಗೆದ ವಿಡಿಯೊ ತಂದುಕೊಟ್ಟರೆ ಡಿವಿಡಿ ಮಾಡುತ್ತಿದ್ದ. ದೇವರಾಜು ಮೌಸ್ ಹಿಡಿದು ಬಣ್ಣಬಣ್ಣದ ಗುಂಡಿಗಳನ್ನು ಒತ್ತುತ್ತಿದ್ದರೆ, ಸಾದಿಕ್ ಕಪ್ಪು ಸ್ಕ್ರೀನು ತೆರೆದು ಒಂದೇ ಒಂದು ಸಾಲು ಟೈಪು ಮಾಡಿ ಎಂಟರ್ ಕುಟ್ಟುತ್ತಿದ್ದ. ಅಷ್ಟಕ್ಕೇ ಬಿಳಿ ಅಕ್ಷರಗಳು ಸರಸರನೆ ಓಡತೊಡಗುತ್ತಿದ್ದವು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರೂ ನಿಂತು ನೋಡುತ್ತಿದ್ದರು. ದೇವರಾಜುವಿನ ಗುಂಡಿಗಳನ್ನು ಒಂದು ದಿನವಾದರೂ ಒಂದು ನರಪಿಳ್ಳೆಯೂ ನಿಂತು ನೋಡಿದ್ದಿಲ್ಲ.

ಈ ಕಾಲದಲ್ಲೂ ಡಿವಿಡಿ ಯಾರಿಗೆ ಬೇಕು ಎಂದು ಕೇಳುವವರು ಈ ಸೀಮೆಯ ಬೀಗರೂಟ ಉಂಡಿಲ್ಲ ಎಂದೇ ಅರ್ಥ. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಬೀಗರನ್ನು ಕರೆದು ಬಾಡೂಟ ಹಾಕುತ್ತಾರೆ. ಹೊರಡುವಾಗ ತಾಂಬೂಲದ ಜೊತೆ ಹೆಣ್ಣು–ಗಂಡಿನ ಫೋಟೊ ಅಚ್ಚಾದ ಡಿವಿಡಿಯನ್ನೂ ಕೊಡುವುದು ಇಲ್ಲಿ ಈಗ ಮರ್ಯಾದೆಯ ಮಾತಾಗಿದೆ. ಕೂಟಗಲ್ಲಿನ ರಾಮಲಿಂಗಯ್ಯ ಇದನ್ನು ಬಿಡಿಸಿಯೇ ಹೇಳಿದ್ದರು. "ಪೆನ್‌ಡ್ರೈವ್ ಕೊಟ್ರೆ ಅಡಿಕೆ ಚೂರು ಅಂತ ಬಾಯ್ಗಾಕ್ಕಬುಡ್ತಾರೆ. ಡಿವಿಡಿ ಆದ್ರೆ ತಟ್ಟೆ ತುಂಬ ಕಾಣ್ತದೆ. ಹಾಕ್ಕಂಡು ನೋಡ್ಲಿ, ಬುಡ್ಲಿ, ಅದು ಅವರಿಷ್ಟ."

ರಾಮಲಿಂಗಯ್ಯನವರ ಮಗಳು ಧನುಶ್ರೀಯ ಮದುವೆಯ ವಿಡಿಯೊ ತೆಗೆದವನು ದೇವರಾಜುವೇ. ಡಿವಿಡಿಯ ಮಾತು ಬಂದಾಗ ಮಾತ್ರ ಅವರು ಎದುರಂಗಡಿಯ ಕಡೆ ಕತ್ತು ತಿರುಗಿಸಿದರು.

"ಡಿವಿಡೀನ ಆ ಸಾದಿಕ್ ತಾವ ಮಾಡ್ಸು ದೇವರಾಜು. ಅವ್ನು ಕರೀ ಸ್ಕ್ರೀನಲ್ಲಿ ಮಾಡೋದು ಮಧ್ಯದಲ್ಲಿ ನಿಲ್ಲಾಕಿಲ್ಲವಂತೆ. ಊರೋರೆಲ್ಲ ಹೇಳ್ತಾರೆ."

ದೇವರಾಜುವಿನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. "ಅವನೇನು ಮಹಾ, ಗೌಡ್ರೆ? ನಾನೂ ಕರೀ ಸ್ಕ್ರೀನಲ್ಲೇ ಮಾಡೋದು!"

"ಅಂಗಾದ್ರೆ ಸರಿ ಬುಡು. ನಮ್ಮ ಬೀಗರು ಸಿದ್ದಯ್ಯನೋರ ಮನೇಲಿ ಇನ್ನೂ ಮದ್ವೆಗಳವೆ. ನಿನ್ನ ಡಿವಿಡಿ ಅವ್ರಿಗೆ ಹಿಡಿಸ್ತು ಅಂದ್ರೆ ಎಲ್ಲಾನೂ ನಿಂಗೇ. ಇಲ್ಲಾಂದ್ರೆ ಸಾದಿಕ್‌ಗೆ."

ಆಡಿದ ಮಾತು ಉಳಿಸಿಕೊಳ್ಳಲು ದೇವರಾಜು ಸಾದಿಕ್‌ನ ಕಂಪ್ಯೂಟರಿನಲ್ಲಿದ್ದ ಲಿನಕ್ಸನ್ನೇ ತನ್ನ ಲ್ಯಾಪ್‌ಟಾಪಿಗೂ ಹಾಕಿಸಿಕೊಂಡು ಬಂದ. ಕಪ್ಪು ಸ್ಕ್ರೀನೇನೋ ತೆರೆಯಿತು. ಅದರಲ್ಲಿ ಟೈಪು ಮಾಡುವುದೇನು ಎಂಬುದು ಮಾತ್ರ ತಿಳಿಯಲಿಲ್ಲ. ನಾಳೆ ನೋಡೋಣ, ನಾಳೆ ನೋಡೋಣ ಎನ್ನುತ್ತಾ ಬೀಗರೂಟದ ದಿನವೇ ಬೆಳಗಾಯಿತು.

"ರಸ್ತೆ ದಾಟಿ ಒಂದ್ ಮಾತು ಕೇಳ್ಬಾರ್ದೇನ್ರೀ? ಸಾದಿಕ್ ಏನು ಕಚ್ತಾನಾ?" ಎಂದಳು ಹೆಂಡತಿ ಶ್ವೇತ, ಡಿವಿಡಿ ಕವರುಗಳನ್ನು ಜೋಡಿಸುತ್ತಾ.

"ಅವನ ಮುಂದೆ ಕೈಕಟ್ಕಂಡು ನಿಂತ್ಕಬೇಕಾ ನಾನು? ಸತ್ರೂ ಆಗಾಕಿಲ್ಲ."

ಕೇಳಲು ಅಭಿಮಾನ ಅಡ್ಡ ಬಂತು. ಕದ್ದು ನೋಡಲು ಏನೂ ಅಡ್ಡ ಬರಲಿಲ್ಲ. ಸಾದಿಕ್‌ನ ಮಾನಿಟರು ರಸ್ತೆಗೇ ಮುಖ ಮಾಡಿತ್ತು. ದೇವರಾಜು ಮದುವೆ ಕ್ಯಾಮೆರಾಕ್ಕೆ ದೊಡ್ಡ ಲೆನ್ಸು ಸಿಕ್ಕಿಸಿ, ಬಾಗಿಲ ಪರದೆಯ ಸಂದಿಯಲ್ಲಿ ಅದರ ಮೂತಿ ತೂರಿಸಿ, ಮೊದಲು ಸಾದಿಕ್‌ನ ಬೋರ್ಡು, ಆಮೇಲೆ ಬೆನ್ನು, ಆಮೇಲೆ ಆ ಕಪ್ಪು ಸ್ಕ್ರೀನು, ಹೀಗೆ ಹತ್ತಿರ ಹತ್ತಿರ ಎಳೆಯುತ್ತಾ ರೆಕಾರ್ಡು ಮಾಡತೊಡಗಿದ. ಸಾದಿಕ್‌ನ ಬೆರಳುಗಳು ಕುಣಿಯುವುದನ್ನು ಕಂಡು ಅವನ ಬಾಯಿಂದ ಗೊಣಗಾಟ ತಾನಾಗಿಯೇ ಹೊರಟಿತು. ಕ್ಯಾಮೆರಾಕ್ಕೆ ಕಣ್ಣಷ್ಟೇ ಅಲ್ಲ, ಕಿವಿಯೂ ಇದೆ ಎನ್ನುವುದು ಇಷ್ಟು ವರ್ಷ ಅದರಿಂದಲೇ ಅನ್ನ ತಿಂದವನಿಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಕಿಚ್ಚಿನಲ್ಲಿ ನೆನಪಾಗಲಿಲ್ಲ, ಅಷ್ಟೇ.

ಅಷ್ಟರಲ್ಲಿ ಟೀ ಅಂಗಡಿಯ ಬೈರಪ್ಪ ಗ್ಲಾಸು ಹಿಡಿದು ಒಳಗೆ ಬಂದ. ಬೀದಿಯ ಯಾವ ಅಂಗಡಿಯಲ್ಲಿ ಏನು ನಡೆದರೂ ಬೈರಪ್ಪನಿಗೆ ಟೀ ಕೊಡುವ ನೆಪ ಇದ್ದೇ ಇರುತ್ತಿತ್ತು.

"ಏನ್ಲಾ ದೇವ, ಪರದೆ ಹಿಂದ್ಗಡೆ ಏನ್ಲಾ ಮಾಡ್ತಿದ್ದೀಯ?"

"ಲೆನ್ಸ್ ಒರೆಸ್ತಿವ್ನಿ."

"ಒರ್ಸು ಒರ್ಸು. ಎದುರ್ಗಡೆ ಆ ಸಾದಿಕ್ ಟೈಪ್ ಮಾಡೋದ್ ನೋಡ್ದಾ? ಬೆರಳೇ ಕಾಣಾಕಿಲ್ಲ ಕಣ್ಲಾ! ಏನ್ ಸ್ಪೀಡು ಅಂತೀಯ!"

ದೇವರಾಜು ಬಿಸಿ ಟೀಯನ್ನು ಒಂದೇ ಗುಟುಕಿಗೆ ನುಂಗಿ ನಾಲಿಗೆ ಸುಟ್ಟುಕೊಂಡ.

ರೆಕಾರ್ಡು ಮಾಡಿದ್ದನ್ನು ಮದುವೆಯ ಫೋಲ್ಡರ್ ಇದ್ದ ಕಡೆಗೇ ಇಳಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಅಕ್ಷರ ಬಿಡದೆ ಕಾಪಿ ಹೊಡೆದ. ಮೊದಲಿಗೆ mkisofs ಎಂದಿತ್ತು. ಅದನ್ನು ಬಾಯಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿ ಕೈಬಿಟ್ಟ. ಮುಂದೆ ಅಡ್ಡಗೆರೆ, ಅಕ್ಷರ. ಮತ್ತೆ ಅಡ್ಡಗೆರೆ, ಅಕ್ಷರ. ಆಮೇಲೆ ಹುಟ್ಟಲಿರುವ ಡಿಸ್ಕಿನ ಇಮೇಜ್ ಫೈಲಿಗೆ, ಅಂದರೆ ಡಿಸ್ಕುಗಳಿಗೆಲ್ಲ ಇಳಿಸುವ ಮೂಲ ಅಚ್ಚಿಗೆ, ಇಟ್ಟ ಹೆಸರು. ಎಲ್ಲಕ್ಕೂ ಕೊನೆಯಲ್ಲಿ ಒಂದು ಚುಕ್ಕೆ. ಸಾದಿಕ್‌ನ ಮಾನಿಟರಿನ ಮೇಲೆ ನೊಣ ಹಿಕ್ಕೆ ಹಾಕಿದೆ ಎಂದುಕೊಂಡು ದೇವರಾಜು ಅದನ್ನು ಬಿಟ್ಟ. ಎಂಟರ್ ಕುಟ್ಟಿದ ಕೂಡಲೇ ಲ್ಯಾಪ್‌ಟಾಪು ಸ್ಕ್ರೀನು ತುಂಬ ಇಂಗ್ಲಿಷಿನಲ್ಲಿ ಬೈಯಿತು. ಅಷ್ಟು ಬೈಗುಳದಲ್ಲಿ ಅರ್ಥವಾದದ್ದು ಒಂದೇ: ಯಾವ ಜಾಗದ್ದನ್ನು ತುಂಬಬೇಕು ಎಂದು ನೀನು ಹೇಳಿಲ್ಲ.

"ಬೈರಪ್ಪಣ್ಣ," ದೇವರಾಜು ದನಿ ತಗ್ಗಿಸಿದ, "ಒಸಿ ಸಾದಿಕ್ ಅಂಗಡೀಗೆ ಹೋಗಿ, ಅವನ ಮಾನಿಟರ್ ಮೇಲಿರೋ ಚುಕ್ಕೆ ನೊಣದ್ದಾ ಅಲ್ವಾ ನೋಡ್ಕಂಡ್ ಬಾ. ಗುಟ್ಟಾಗಿ."

ಬೈರಪ್ಪನಿಗೆ ಗುಟ್ಟು ಎಂದರೇನೆಂದು ಯಾರೂ ಕಲಿಸಿರಲಿಲ್ಲ. ನೆಟ್ಟಗೆ ಹೋದವನು ಹೆಗಲ ಮೇಲಿನ ಟವಲಿನಿಂದ ಸಾದಿಕ್‌ನ ಮಾನಿಟರನ್ನು ತಿಕ್ಕಿ, ಉಗುರಿನಿಂದ ಕೆರೆದು, ರಸ್ತೆಯ ಆ ಬದಿಯಿಂದಲೇ ಕೂಗಿದ.

"ಲೋ ದೇವ! ತಿಕ್ಕುದ್ರೂ ಹೋಗಾಕಿಲ್ಲ ಕಣ್ಲಾ! ಅದು ಒಳಗೈತೆ!"

ಬೊಂಬೆ ಅಂಗಡಿಯವರು ಕತ್ತು ಚಾಚಿದರು. ಸಾದಿಕ್ ತಿರುಗಿ ನೋಡಿ, ಏನೂ ಅರ್ಥವಾಗದಿದ್ದರೂ ನಗುತ್ತಾ ಕೈ ಬೀಸಿದ. ಆ ನಗುವನ್ನು ಕಂಡು ದೇವರಾಜುವಿಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅಂತೂ ಚುಕ್ಕೆ ಇಟ್ಟ. ಅದು ನೊಣದ್ದಲ್ಲ, ಕಮಾಂಡಿನದೇ. 'ನೀನು ಈಗ ನಿಂತಿರುವ ಫೋಲ್ಡರಿನಲ್ಲಿ ಇರುವುದನ್ನೆಲ್ಲ ತುಂಬು' ಎಂದು ಅದರ ಅರ್ಥ. ಸಾದಿಕ್ ಚುಕ್ಕೆ ಇಡುವ ಮೊದಲು ತನಗೆ ಬೇಕಾದ ಫೋಲ್ಡರಿನ ಒಳಕ್ಕೆ ಹೋಗಿ ನಿಲ್ಲುತ್ತಿದ್ದ. ಅವತ್ತೂ ಹಾಗೇ ಹೋಗಿ ನಿಂತಿದ್ದ, ಆದರೆ ಆಗ ದೇವರಾಜು ಇನ್ನೂ ಲೆನ್ಸು ಸಿಕ್ಕಿಸುತ್ತಿದ್ದ. ದೇವರಾಜು ನಿಂತಿದ್ದದ್ದು ಹೊರಗಡೆಯ ಫೋಲ್ಡರಿನಲ್ಲಿ. ಅಲ್ಲಿ ಧನುಶ್ರೀಯ ಮದುವೆಯ ಪಕ್ಕದಲ್ಲೇ ಬೆಳಗಿನ ಕಳ್ಳ ವಿಡಿಯೊ ಕೂಡ ಕೂತಿತ್ತು. ಕಪ್ಪು ಸ್ಕ್ರೀನು ಮರುಪ್ರಶ್ನೆ ಕೇಳುವ ಪೈಕಿ ಅಲ್ಲ. ಎರಡನ್ನೂ ಸೇರಿಸಿ ಒಂದೇ ಇಮೇಜು ಕಟ್ಟತೊಡಗಿತು.

ದೇವರಾಜುವಿಗೆ ಇದಾವುದೂ ತಿಳಿಯಲಿಲ್ಲ. ಅವನಿಗೆ ಕಂಡದ್ದು ಶೇಕಡ ಇಷ್ಟು ಮುಗಿಯಿತು, ಶೇಕಡ ಇಷ್ಟು ಮುಗಿಯಿತು ಎಂದು ಏರುತ್ತಿದ್ದ ಬಿಳಿ ಸಾಲುಗಳು. ಸರಕ್ಕನೆ ಲ್ಯಾಪ್‌ಟಾಪನ್ನು ಎತ್ತಿ, ರಸ್ತೆಗೆ ಕಾಣುವಂತೆ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ. ತರಕಾರಿ ಚೀಲದವರೊಬ್ಬರು ನಿಂತು ನೋಡಿದರು. ಜನ್ಮ ಸಾರ್ಥಕವಾಯಿತು ಎನಿಸಿತು.

"ಒಂದನ್ನಾದ್ರೂ ಹಾಕಿ ನೋಡ್ರೀ," ಎಂದಳು ಶ್ವೇತ, ರೈಟರಿನಿಂದ ಬಿಸಿಬಿಸಿಯಾಗಿ ಬರುತ್ತಿದ್ದ ಡಿಸ್ಕುಗಳನ್ನು ಕವರಿಗೆ ತುಂಬುತ್ತಾ.

"ನೋಡೋದೇನೈತೆ? ಕರೀ ಸ್ಕ್ರೀನಲ್ಲಿ ಮಾಡಿದ್ದು!"

ಅವನು ಕೂಟಗಲ್ ತಲುಪುವ ಹೊತ್ತಿಗೆ ಶಾಮಿಯಾನದಡಿ ಮೊದಲ ಪಂಕ್ತಿ ಎದ್ದು ಎರಡನೆಯದಕ್ಕೆ ಮುದ್ದೆ ಬಿದ್ದಿತ್ತು. ರಾಮಲಿಂಗಯ್ಯ ಡಿವಿಡಿಗಳನ್ನು ಕೈಗೆ ತೆಗೆದುಕೊಂಡವರೇ ತೆಂಗಿನಕಾಯಿ, ಎಲೆ ಅಡಿಕೆಯ ಚೀಲಗಳಿಗೆ ಒಂದೊಂದಾಗಿ ಹಾಕಿಸಿದರು. ಊಟ ಮುಗಿಸಿದವರು ಆಗಲೇ ಚೀಲ ಹಿಡಿದು ಹೊರಟಿದ್ದರು. ಒಂದು ಡಿಸ್ಕನ್ನು ಮಾತ್ರ ದೊಡ್ಡ ಎಲ್‌ಇಡಿ ಪರದೆಯ ಅಕ್ರಮ್‌ನ ಕೈಗೆ ಕೊಟ್ಟು, "ಹಾಕಪ್ಪ, ನಮ್ ಬೀಗರು ನೋಡ್ಲಿ," ಎಂದರು. ದೇವರಾಜುವೂ ಊಟಕ್ಕೆ ಕೂತ. ವರನ ತಂದೆ ಸಿದ್ದಯ್ಯ ಮೂಳೆ ಚೀಪುತ್ತಾ ಪರದೆಯ ಕಡೆ ತಿರುಗಿದರು.

ಅಕ್ರಮ್ ಡಿಸ್ಕ್ ಹಾಕಿದ. ಫೋಲ್ಡರ್ ಒಳಗೆ ಏನಿದೆ ಎಂದು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ. ಹೊರಗೆ ಎದ್ದು ಕಾಣುತ್ತಿದ್ದ ವಿಡಿಯೊವನ್ನೇ ಒತ್ತಿದ.

ಶಾಮಿಯಾನದೆತ್ತರಕ್ಕೆ ಸಾದಿಕ್‌ನ ಅಂಗಡಿಯ ಬೋರ್ಡು ಮೂಡಿತು, ಫೋನ್ ನಂಬರಿನ ಸಮೇತ. ಆಮೇಲೆ ಸಾದಿಕ್‌ನ ಬೆನ್ನು. ಆಮೇಲೆ ಕುಣಿಯುವ ಬೆರಳುಗಳು. ಸ್ಪೀಕರುಗಳಿಂದ ದೇವರಾಜುವಿನ ದನಿ ಗುಡುಗಿತು.

"ಬಡಿ ಮಗ್ನೇ, ಬಡಿ... ಒಂದಕ್ಷರಾನಾದ್ರೂ ತಪ್ತಾನಾ ನೋಡು. ಇವ್ನು ಮಾಡ್ದಂಗೆ ಡಿವಿಡಿ ಈ ನಾಕು ತಾಲೂಕಲ್ಲಿ ಯಾರ್ ಕೈಲೂ ಆಗಾಕಿಲ್ಲ..."

ದೇವರಾಜು ಎಲೆ ಮುಂದಿನಿಂದ ಎದ್ದು ಓಡಿದ. ಎಂಜಲು ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ, ಬಡಿಸುವವನ ಸಾರಿನ ಬಕೀಟಿಗೆ ಡಿಕ್ಕಿ ಹೊಡೆದು, "ನಿಲ್ಸು! ನಿಲ್ಸು ಅಕ್ರಮ್!" ಎಂದು ಅರಚಿದ. ಆ ಗದ್ದಲದಲ್ಲಿ ಅಕ್ರಮ್‌ಗೆ ಕೇಳಲಿಲ್ಲ.

"ಸೌಂಡ್ ಸಾಲದಾ ಅಣ್ಣ?" ಎಂದು ಇನ್ನಷ್ಟು ಏರಿಸಿದ.

"...ನನ್ ಡಿಸ್ಕು ತಾಳಿ ಕಟ್ಟೋ ಹೊತ್ಗೇ ನಿಂತೋಯ್ತದೆ. ಇವಂದು ನಿಲ್ಲಾಕಿಲ್ಲ. ಅದ್ಕೇ ಕಣ್ಲಾ ಸಾದಿಕ್, ನಿನ್ ಕಂಡ್ರೆ ನನ್ ಹೊಟ್ಟೆ ಉರಿಯೋದು!"

ಬೈಗುಳ, ಇಲ್ಲವೇ ಏಟು, ಯಾವುದು ಮೊದಲು ಬರುತ್ತದೋ ಎಂದು ದೇವರಾಜು ಕಣ್ಣು ಮುಚ್ಚಿಕೊಂಡ. ಬಂದದ್ದು ಚಪ್ಪಾಳೆ. ಸಿದ್ದಯ್ಯ ಬಂದು ಅವನ ಬೆನ್ನು ತಟ್ಟಿದರು.

"ಎಂಥಾ ದೊಡ್ಡ ಮನ್ಸಪ್ಪ ನಿಂದು! ನಿನ್ನ ಡಿವಿಡೀಲಿ ಎದುರಂಗಡಿಯೋನಿಗೆ ಪ್ರಚಾರ ಕೊಟ್ಟಿದ್ದೀಯಲ್ಲ! ಹೊಟ್ಟೆ ಉರೀತದೆ ಅಂತ್ಲೂ ಬಾಯ್ಬುಟ್ಟು ಹೇಳಿದ್ದೀಯ. ಇಂಥೋರು ಈಗಿನ ಕಾಲ್ದಲ್ಲಿ ಎಲ್ಲವ್ರೆ?" ಎಂದವರು ಮಗನ ಕಡೆ ತಿರುಗಿದರು. "ಲೇ, ಆ ನಂಬರ್ ಬರ್ಕೋ. ನಮ್ಮನೆ ಡಿವಿಡಿ ಎಲ್ಲ ಇನ್ಮೇಲೆ ಆ ಸಾದಿಕ್‌ಗೇ."

ಅಕ್ರಮ್ ಸಾದಿಕ್‌ನ ಬೋರ್ಡನ್ನು ಮತ್ತೆ ಪರದೆಗೆ ತಂದು ನಿಲ್ಲಿಸಿದ. ಪಂಕ್ತಿಯಲ್ಲಿದ್ದವರೆಲ್ಲ ಎಡಗೈಯಲ್ಲಿ ಮೊಬೈಲು ಎತ್ತಿ ಪರದೆಯ ಫೋಟೊ ಹೊಡೆದುಕೊಂಡರು. ದೇವರಾಜು ಬೆವರು ಒರೆಸಿಕೊಂಡು, ದೊಡ್ಡ ಮನಸ್ಸಿನವನಂತೆ ನಗಬೇಕಾಯಿತು.

ಸಂಜೆ ಅಂಗಡಿಯಲ್ಲಿ ದೇವರಾಜು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಸಾದಿಕ್ ರಸ್ತೆ ದಾಟಿ ಬಂದ. ಕೈಯಲ್ಲಿ ಸ್ವೀಟಿನ ಡಬ್ಬ. ಬಂದವನೇ ಅವನನ್ನು ಅಪ್ಪಿಕೊಂಡ.

"ದೇವಣ್ಣ, ಏನ್ ಮಾಡ್ಬುಟ್ಟೆ ನೀನು! ಮಧ್ಯಾಹ್ನದಿಂದ ಫೋನ್ ನಿಲ್ತಾನೇ ಇಲ್ಲ. ಕೂಟಗಲ್ಲು, ಮಾಗಡಿ, ಕನಕಪುರ, ಎಲ್ಲಿಂದ್ಲೋ ಮಾಡ್ತವ್ರೆ."

"ನಿಂಗೇನಪ್ಪ, ಮೊದ್ಲೂ ಗಿರಾಕಿ ತುಂಬ್ಕಂಡಿದ್ರು," ಎಂದ ದೇವರಾಜು, ಹಲ್ಲು ಕಚ್ಚಿ.

"ಎಲ್ಲಿ ಗಿರಾಕಿ ಅಣ್ಣ? ನಿಂತ್ಕಂಡು ನೋಡೋರೇ ಎಲ್ಲ, ಮಾಡ್ಸೋರು ಯಾರಿದ್ರು?" ಸಾದಿಕ್ ಸ್ಟೂಲು ಎಳೆದುಕೊಂಡು ಕೂತ. "ಬಾಡಿಗೆ ಸೈತ ಹುಟ್ತಿರ್ಲಿಲ್ಲ. ಬಿಡದಿ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ಕಿತ್ತು. ಇವತ್ತು ಸಾಯಂಕಾಲ ಅಂಗಡಿ ಬಾಗ್ಲು ಹಾಕ್ಬುಟ್ಟು, ಆ ಕಂಪ್ಯೂಟರ್ ನಿನ್ ಕೈಗೆ ಕೊಟ್ಟು, ಒಂದ್ ಗಂಟೆ ಕೂತು ಕಮಾಂಡೆಲ್ಲ ಹೇಳ್ಕೊಟ್ಟು, ನಾಳೆ ಬೆಳಗ್ಗೆ ಟ್ರೈನ್ ಹತ್ತೋದು ಅಂತಿದ್ದೆ. ಇನ್ ಮುಂದೆ ಈ ಊರಿಗೆ ಡಿವಿಡಿ ಮಾಡೋನು ಅಂದ್ರೆ ನೀನೊಬ್ನೇ ಆಗ್ತಿದ್ದೆ."

ದೇವರಾಜು ಕತ್ತು ತಿರುಗಿಸಿ ಎದುರಂಗಡಿಯ ಕಪ್ಪು ಸ್ಕ್ರೀನನ್ನು ನೋಡಿದ.

"ಈಗ ಹೋಗಾಕಿಲ್ಲ ಕಣಣ್ಣ! ಫ್ಯಾಕ್ಟ್ರಿಗೆ ಫೋನ್ ಮಾಡಿ ಬರಲ್ಲ ಅಂದ್ಬುಟ್ಟೆ. ಎಲ್ಲಾ ನಿನ್ನಿಂದ." ಸಾದಿಕ್ ಡಬ್ಬ ತೆರೆದು ದೊಡ್ಡದೊಂದು ಮೈಸೂರುಪಾಕು ಆರಿಸಿ ಅವನ ಬಾಯಿಗೇ ಇಟ್ಟ. "ಇನ್ನು ಜೀವ ಇರೋಗಂಟ ಇಲ್ಲೇ, ನಿನ್ ಕಣ್ಮುಂದೇನೇ ಇರ್ತೀನಿ!"