ಗಾಂಬೊನ ಕೈಗುಣ

ಮಾಲಂ ಲಾವಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಕ್ಷೌರದ ಗಾಂಬೊ ಅವನ ಗದ್ದಕ್ಕೆ ಕತ್ತಿ ಇಟ್ಟ ಹೊತ್ತಿಗೇ ಅವನಿಗೆ ಸಿಮೆಂಟಿನ ಬೆಲೆ ನೆನಪಾಗಬೇಕೆ? ಸಿಟ್ಟಿಗೆ ದವಡೆ ಒಮ್ಮೆ ಅಲ್ಲಾಡಿತು. ಸಜ್ಜೆ ಕಾಳಿನಷ್ಟು ರಕ್ತ ಬಂತು. ಗಾಂಬೊ ಅದಕ್ಕೆ ಪಟಿಕ ಒತ್ತಿ, ಕಾಗದದ ಚೂರೊಂದನ್ನು ಅಂಟಿಸಿ ಕಳಿಸಿದ. ಮೂವತ್ತೆಂಟು ವರ್ಷದ ಕಸುಬಿನಲ್ಲಿ ಇಂಥ ಗೀರುಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು.

ಆದರೆ ಆ ಕಾಗದದ ಚೂರಿಗೆ ಲಾವಲಿಯ ಕಾಲುಗಳಿದ್ದವು. ಅದು ಝಾರಿಯಾದ ಹಳೇ ಪೇಟೆಯ ಉದ್ದಗಲ ತಿರುಗಿತು. ಚಹಾದ ಅಂಗಡಿಯಲ್ಲಿ ಏನಾಯಿತೆಂದು ಕೇಳಿದವರಿಗೆ ಲಾವಲಿ, ಗಾಂಬೊನಿಗೆ ಯಾಕೋ ಕೈ ನಡುಗುತ್ತಿದೆ ಎಂದ. ಕೋಸಾಯಿ ಎಂಬ ಅಲಸಂದೆ ವಡೆ ಕರಿಯುವ ಹಾಜಿಯಾ ದೇಲುವಿನ ಬಾಣಲೆ ತಲುಪುವಷ್ಟರಲ್ಲಿ ಆ ನಡುಕ ಕಣ್ಣಿಗೆ ಹತ್ತಿ ಗಾಂಬೊ ಅರ್ಧ ಕುರುಡನಾಗಿದ್ದ. ಮಸೀದಿಯ ನಲ್ಲಿಯ ಹತ್ತಿರ ಲಾವಲಿಯ ಒಂದು ಕಿವಿಯೇ ಜೋತಾಡತೊಡಗಿತು. ಲಾವಲಿ ಎರಡೂ ಕಿವಿ ಹೊತ್ತುಕೊಂಡು ಅಲ್ಲೇ ನಿಂತಿದ್ದ. ಜನ ಕಿವಿಯನ್ನು ನಂಬಲಿಲ್ಲ, ಸುದ್ದಿಯನ್ನು ನಂಬಿದರು.

ಬೇರೆ ದಿನವಾಗಿದ್ದರೆ ಗಾಂಬೊ ನಕ್ಕುಬಿಡುತ್ತಿದ್ದ. ಇವತ್ತು ಅಲ್ಹಾಜಿ ಮುಂತಾರಿಯ ಮನೆಯಲ್ಲಿ ಕೂಸಿಗೆ ಏಳನೇ ದಿನ. ಹೆಸರಿಡುವ ಮೊದಲು ತಲೆ ಬೋಳಿಸಬೇಕು. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡು ಬೇರೆ. ಆ ಮನೆಯ ತಲೆಗಳು ತಾತನ ಕಾಲದಿಂದ ಗಾಂಬೊನ ವಂಶದ ಕತ್ತಿಗೆ ಸೇರಿದವು. ಅಲ್ಹಾಜಿಯ ಹುಟ್ಟುಗೂದಲು ತೆಗೆದದ್ದೂ ಗಾಂಬೊನ ಅಪ್ಪನೇ. ಕುಲಕಸುಬಿನ ಕ್ಷೌರಿಕನಿಗೆ ಇಂಥ ಮನೆಗಳೇ ಹೊಲ. ಇದ್ದ ಹದಿನೆಂಟರಲ್ಲಿ ಹದಿನೇಳು ಜಾರಿಹೋಗಿದ್ದವು. ಇದೂ ಹೋದರೆ ಕತ್ತಿಯಲ್ಲಿ ಈರುಳ್ಳಿ ಹೆಚ್ಚಬಹುದಿತ್ತು, ಅಷ್ಟೇ.

ಜಾರಿದ್ದು ಎಲ್ಲಿಗೆ? ಹೊಸ ಬಡಾವಣೆಯ ಫೈಸಲ್‌ನ ಅಂಗಡಿಗೆ. ಅವನ ತಾತ ಮಾರಿದ್ದು ಶೇಂಗಾ, ಅಪ್ಪ ಮಾರಿದ್ದು ಟೈರು. ಗಾಜಿನ ಬಾಗಿಲ ಮೇಲೆ ಮಾತ್ರ ‘ಅಪ್ಪಟ ಸಾಂಪ್ರದಾಯಿಕ ಕ್ಷೌರ’. ಒಳಗೆ ಚರ್ಮದ ಕುರ್ಚಿ, ಬಿಸಿ ಟವೆಲು, ಗಡ್ಡಕ್ಕೆ ಎಣ್ಣೆ. ಗಾಂಬೊ ಬೇವಿನ ಮರದ ಕೆಳಗೆ ಚಾಪೆ ಹಾಸಿದರೆ ಕೊಳಕು ಎಂದು ಎಬ್ಬಿಸುತ್ತಾರೆ. ಅಂಥದ್ದೇ ಚಾಪೆಯನ್ನು ಫೈಸಲ್ ಗೋಡೆಗೆ ನೇತುಹಾಕಿದರೆ ಪರಂಪರೆ ಎಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಊರಿಗೆ ಕಸುಬು ಬೇಕು, ಕಸುಬಿನವನು ಬೇಡ.

ಗಾಂಬೊ ಒಗೆದ ನಿಲುವಂಗಿ ತೊಟ್ಟು ಹೊರಟ. ಹಾಜಿಯಾ ದೇಲು ದಾರಿಗೆ ಅಡ್ಡ ನಿಂತಳು. ಅವಳದು ಬರೀ ಕಾಳಜಿ. ಕೈ ನಡುಗುವುದು ಸುಳ್ಳಾದರೆ ನಾಲ್ಕು ಜನರ ಮುಂದೆ ತೋರಿಸಿಬಿಡು ಎಂದು ತುಂಬಿದ ಸಜ್ಜೆಗಂಜಿಯ ಬಟ್ಟಲನ್ನು ಅವನ ಕೈಗಿಟ್ಟಳು. ಬಟ್ಟಲು ಬಂಡೆಯ ಹಾಗೆ ನಿಂತಿತು. ನೋಡಲು ನುಗ್ಗಿದವರಲ್ಲಿ ಯಾರದೋ ಮೊಣಕೈ ತಾಕಿ ಗಂಜಿಯೆಲ್ಲ ನಿಲುವಂಗಿಗೆ ಸುರಿಯಿತು. ಮೊಣಕೈಯನ್ನು ಯಾರೂ ನೋಡಲಿಲ್ಲ. ಗಂಜಿಯನ್ನು ಎಲ್ಲರೂ ನೋಡಿದರು.

ಅವನು ಮುಟ್ಟುವ ಹೊತ್ತಿಗೆ ಅಲ್ಹಾಜಿಯ ಅಂಗಳದಲ್ಲಿ ಫೈಸಲ್ ಚರ್ಮದ ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಅಲ್ಹಾಜಿ ಗಾಂಬೊನ ಮುಖ ನೋಡದೆ, ಬಾಗಿಲ ಹತ್ತಿರ ಕೂತಿರು, ಊಟ ಮಾಡಿಕೊಂಡು ಹೋಗುವೆಯಂತೆ ಎಂದ. ಅರವತ್ತು ವರ್ಷದ ಋಣ ಒಂದು ತಟ್ಟೆ ಅನ್ನಕ್ಕೆ ತೀರಿತು.

ಫೈಸಲ್‌ನ ಯಂತ್ರ ಕಣಜದ ಹುಳುವಿನ ಗೂಡಿನ ಹಾಗೆ ಗುಂಯ್‌ಗುಟ್ಟಿತು. ಕೂಸು ಕಿರುಚಿತು. ಅದನ್ನು ನೋಡಿ ಅದರ ತಾಯಿ ಅತ್ತಳು, ತಾಯಿಯನ್ನು ನೋಡಿ ಕೂಸಿನ ಸೋದರತ್ತೆಯರು ಅತ್ತರು. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಹಾಕಿಸುವುದನ್ನು ಎಲ್ಲರೂ ಇನ್ನೊಬ್ಬರಿಗೆ ಬಿಟ್ಟಿದ್ದರು. ಕೂಸಿನ ತಲೆ ಮೇಕೆ ನುಗ್ಗಿ ಅರ್ಧ ಮೇಯ್ದ ಹೊಲದಂತಾಗಿತ್ತು.

ಅಲ್ಹಾಜಿಯ ತಾಯಿ ಕೋಲು ಕುಟ್ಟಿದಳು. “ಈ ತಲೆ ಹೊತ್ಕೊಂಡು ನನ್ನ ಮೊಮ್ಮಗ ಹೆಸರಿಡಿಸ್ಕೋಬೇಕಾ? ಕರೀರೋ ಆ ಕುರುಡನ್ನೇ.”

ಕುರುಡ ಎದ್ದು ಬಂದ. ಕತ್ತಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದ, ಆರಿಸಿದ. ಕೂಸನ್ನು ತೊಡೆಯ ಮೇಲೆ ಒರಗಿಸಿಕೊಂಡು ಬೆಚ್ಚಗಿನ ನೀರಲ್ಲಿ ನೆತ್ತಿ ನೆನೆಸಿದ. ಹೆಬ್ಬೆರಳನ್ನು ಕಣತಲೆಗೆ ಒತ್ತಿ, ಅಪ್ಪ ಗುನುಗುತ್ತಿದ್ದ ಹಾಗೆ ಮೂಗಿನಲ್ಲೇ ಏನೋ ಗುನುಗಿದ. ಕೂಸು ಬಿಕ್ಕಿತು, ಆಕಳಿಸಿತು, ನಿದ್ದೆಹೋಯಿತು. ಕತ್ತಿ ನಡೆದದ್ದು ಹಾಲಿನ ಕೆನೆ ಎತ್ತಿದ ಹಾಗೆ. ಈ ಹೊತ್ತಿಗಾಗಿಯೇ ಗಾಂಬೊ ಇಷ್ಟು ವರ್ಷ ಎಲ್ಲರ ಹೀಯಾಳಿಕೆಯನ್ನೂ ನುಂಗಿಕೊಂಡಿದ್ದ. ಹಸುಗೂಸಿನ ನೆತ್ತಿಯ ಮಿಡಿತ ಬೆರಳಿಗೆ ಸಿಗುವುದು ಇನ್ಯಾವ ಕಸುಬಿನಲ್ಲಿದೆ?

ತಲೆ ಹೊಸ ಸೋರೆಬುರುಡೆಯಂತೆ ಹೊಳೆಯಿತು. ಗಾಂಬೊ ಶಭಾಷ್‌ಗಿರಿಗೆ ಕಾದು ಕೂತ.

“ಅಳಲೇ ಇಲ್ವಲ್ಲ,” ಎಂದಳು ಒಬ್ಬ ಅತ್ತೆ.

“ಏಳು ದಿನದ ಕೂಸು ಕತ್ತಿ ಕೆಳಗೆ ನಿದ್ದೆ ಮಾಡುತ್ತಾ? ಅದೇನೋ ಗುನುಗಿದ. ನೀರಲ್ಲಿ ಏನು ಹಾಕಿದ್ದೆಯಪ್ಪಾ?” ಎಂದಳು ಇನ್ನೊಬ್ಬಳು.

“ನೀರಲ್ಲಿ ನೀರೇ ಇತ್ತು, ತಾಯಿ,” ಎಂದ ಗಾಂಬೊ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಅತ್ತೆಯರು ಸರದಿಯಂತೆ ಚಿವುಟಿದರು. ಅದು ನಿದ್ದೆಯಲ್ಲೇ ನಕ್ಕಿತು. ಆ ನಗು ಕಂಡದ್ದೇ ತಾಯಿ ಕೂಸನ್ನು ಕಸಿದುಕೊಂಡು ಒಳಗೆ ಓಡಿದಳು.

ಅಲ್ಹಾಜಿ ಗಾಂಬೊನನ್ನು ಪಕ್ಕಕ್ಕೆ ಕರೆದ. ದನಿಯಲ್ಲಿ ಈಗ ಮರ್ಯಾದೆಯಿತ್ತು, ಎರಡು ಮಾರು ದೂರವೂ ಇತ್ತು. “ತಪ್ಪು ತಿಳ್ಕೋಬೇಡ ಗಾಂಬೊ. ಇನ್ಮೇಲೆ ಈ ಮನೆಗೆ ಫೈಸಲ್ಲೇ ಬರ್ಲಿ. ಅವನ ಕೈಲಾದ್ರೆ ಮಗು ಅಳುತ್ತೆ. ಅತ್ರೆ ನಮಗೂ ಒಂದು ಧೈರ್ಯ.”

ಗಾಂಬೊ ಕತ್ತಿ ಮಡಿಸಿ ಎದ್ದ. ಹದಿನೆಂಟನೆಯ ಮನೆಯೂ ಹೋಯಿತು. ಅವನನ್ನು ಕಂಡು ಬೀದಿಯಲ್ಲಿ ಜನ ದಾರಿಬಿಟ್ಟು ಸರಿದರು.

ಬೇವಿನ ಮರದ ಕೆಳಗೆ ಅವನಿಗಾಗಿ ಆಗಲೇ ಒಂದು ಸಾಲು ಕಾದಿತ್ತು. ಎಷ್ಟೋ ವರ್ಷದ ಮೇಲೆ ಇಷ್ಟು ಜನ! ಗಾಂಬೊ ಅವಸರದಿಂದ ಚಾಪೆ ಕೊಡವಿದ. ಮುಂದೆ ನಿಂತಿದ್ದವನು ಬಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದ.

“ಆ ಬಾಯಿ ಮುಚ್ಚಿಸೋ ಪುಡಿ ನಂಗೂ ಒಂಚೂರು ಕೊಡಿ ಬಾಬಾ. ನಮ್ಮ ಮನೆ ಮಾಲೀಕನಿಗೆ.”

ಅವನ ಹಿಂದಿನವನಿಗೆ ಅದು ಸೋದರಮಾವನಿಗಾಗಿ ಬೇಕಿತ್ತು. ಅದರಾಚೆಯವನಿಗೆ ವಾರ್ಡಿನ ಕೌನ್ಸಿಲರಿಗಾಗಿ, ದೊಡ್ಡ ಪೊಟ್ಟಣವೇ. ಗಾಂಬೊ ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿದ. ಒಬ್ಬನ ತಲೆಯಲ್ಲೂ ಕತ್ತಿಗೆ ಸಿಗುವಷ್ಟು ಕೂದಲು ಬೆಳೆದಿರಲಿಲ್ಲ.