ಡೈರಿ ಜಗಲಿಯಿಂದ ಸ್ವಂತ ಕಟ್ಟಡಕ್ಕೆ

ನಮ್ಮ ಅಜ್ಜಂಪುರದ ಕಡೆ ಯಾರಿಗೂ ಸೇರದ ಕೆಲಸ ಒಂದಿದ್ರೆ, ಅದು ತಾನಾಗೇ ನಡ್ಕೊಂಡು ಬಂದು ಟೀಚರಮ್ಮನ ತಲೆ ಮೇಲೆ ಕೂರುತ್ತೆ. ಇದು ಇವತ್ತು ನಿನ್ನೆಯದಲ್ಲ. ನಾನು ಅಂಗನವಾಡಿ ಟೀಚರು. ಹಾಡು ಹೇಳ್ಕೊಡೋದು, ಮೂಗು ಒರೆಸೋದು, ಮಕ್ಕಳ ತೂಕ ನೋಡೋದು ನನ್ನ ಕೆಲಸ. ಅಂಥವಳಿಗೆ ಅಂಗನವಾಡಿಯ ಹೊಸ ಕಟ್ಟಡ ಕಟ್ಟಿಸೋ ಉಸ್ತುವಾರಿ! ತರೀಕೆರೆಯಿಂದ ಬಂದ ಇಂಜಿನಿಯರು ಜೀಪಿಂದ ಇಳಿಯದೇ, "ನೀವು ಹೆಂಗೂ ಇಲ್ಲೇ ಇರ್ತೀರಲ್ಲ ಮೇಡಂ, ಒಂಚೂರು ನೋಡ್ಕೊಳ್ಳಿ" ಅಂದು ಹೊರಟೇ ಹೋದ್ರು.

ನಮ್ಮ ಮಕ್ಕಳು ಆಗ ಹಾಲಿನ ಡೈರಿ ಜಗಲಿ ಮೇಲೆ ಕೂರ್ತಿದ್ವು. ಮಳೆ ಬಂದ್ರೆ ಎರಚಲು ಹೊಡೆದು ಚಾಪೆ, ಆಟದ ಸಾಮಾನು, ಮಕ್ಕಳು ಎಲ್ಲ ಒದ್ದೆ. ಹಿಂದಿನ ಮಳೆಗಾಲದಲ್ಲಿ ಪಾಪ, ಎಷ್ಟೋ ಮಕ್ಕಳು ಕೆಮ್ಮಿ ಕೆಮ್ಮಿ ಸೊರಗಿದ್ವು. ಈ ಸಲ ಮುಂಗಾರು ಜೋರಾಗೋದ್ರೊಳಗೆ ಇವನ್ನ ನಾಲ್ಕು ಗೋಡೆ ಒಳಗೆ ಕೂರಿಸ್ಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ಮಿಕ್ಕವರಿಗೆಲ್ಲ ಬೇರೆ ಬೇರೆ ಯೋಚನೆ.

ಯಜಮಾನ ಯಾರು?

ಪಾಯ ತೆಗೆಯೋ ದಿನ ಜೆಸಿಬಿ ಬಂದು ನಿಂತಿದೆ. ಊರ ಹಿರಿಯರು, "ಆಯ ನೋಡದೆ ಅಗೆಯಂಗಿಲ್ಲ" ಅಂತ ಅಯ್ಯನೋರನ್ನ ಕರ್ಕೊಂಡು ಬಂದ್ರು. ನಮ್ಮ ಕಡೆ ಮನೆ ಯಜಮಾನನ ನಕ್ಷತ್ರಕ್ಕೆ ಮನೆಯ ಉದ್ದ ಅಗಲ ಹೊಂದ್ಬೇಕು. ಅದಕ್ಕೇ ಆಯ ಅನ್ನೋದು.

"ಯಜಮಾನರ ಹೆಸರೇನು?" ಅಂದ್ರು ಅಯ್ಯನೋರು.

"ಸರ್ಕಾರ," ಅಂದೆ.

"ಸರ್ಕಾರದ್ದು ಯಾವ ನಕ್ಷತ್ರ?"

ಒಬ್ಬರಾದ್ರೂ ನಗಬೇಕಲ್ಲ! ಎಲ್ಲರೂ ಗಡ್ಡ ಕೆರ್ಕೊಂಡು ಯೋಚನೆ ಮಾಡ್ತಿದ್ದಾರೆ. ಪಂಚಾಯ್ತಿ ಮೆಂಬರು, "ನನ್ನ ಹೆಸರಿಗೇ ನೋಡಿ, ಕಟ್ಟಡ ತಂದಿದ್ದು ನಾನು" ಅಂದ. ಮಾಜಿ ಮೆಂಬರು ಸುಮ್ಮನಿರ್ತಾನಾ? "ಜಾಗ ಬಿಡಿಸಿದ್ದು ಯಾರಪ್ಪಾ? ನನ್ನ ನಕ್ಷತ್ರಕ್ಕೆ ನೋಡಿ" ಅಂದ. ನಾನೇ ಯಜಮಾನ, ನಾನೇ ಯಜಮಾನ ಅಂತ ಕೈ ಕೈ ಮಿಲಾಯಿಸೋ ಹಂಗಾಯ್ತು. "ಪ್ಲಾನು ಯಾವತ್ತೋ ಪಾಸಾಗಿದೆ ಕಣ್ರೀ, ಉದ್ದ ಅಗಲ ಬದಲಾಯಿಸೋ ಹಂಗಿಲ್ಲ" ಅಂತ ನಾನು ಕೂಗಿಕೊಂಡ್ರೆ ಕೇಳೋರ್ಯಾರು? ಜೆಸಿಬಿ ಡ್ರೈವರು ಟೀ ಕುಡಿಯೋಕೆ ಹೋದವನು ಪತ್ತೆಯಿಲ್ಲ.

ಕೊನೆಗೆ ಅಯ್ಯನೋರೇ, "ಆಯ ಏನಾದ್ರೂ ಆಗ್ಲಿ, ಶಾಂತಿ ಮಾಡಿದ್ರೆ ಸರಿಹೋಗುತ್ತೆ. ಪೂಜೆ ಸಾಮಾನು ಮಾತ್ರ ಯಜಮಾನರೇ ತರಬೇಕು" ಅಂದ್ರು.

ಹಾಲಿ ಮೆಂಬರೂ ಮಾಜಿ ಮೆಂಬರೂ ಅವತ್ತು ಮೊದಲ ಸಲ ಒಂದೇ ದನಿಯಲ್ಲಿ ಅಂದ್ರು: "ಟೀಚರಮ್ಮ ಇದ್ದಾರಲ್ಲ!"

ಸ್ಲ್ಯಾಬ್ ಮೇಲಿನ ಕೆರೆ

ತಾರಸಿ ಹಾಕಿದ ಮೇಲೆ ಸುತ್ತ ಮಣ್ಣಿನ ಏರಿ ಕಟ್ಟಿ ನೀರು ನಿಲ್ಲಿಸ್ತಾರೆ. ಕ್ಯೂರಿಂಗ್ ಅಂತಾರೆ, ಸ್ಲ್ಯಾಬ್ ಗಟ್ಟಿಯಾಗೋಕೆ. ಒಂದಿನ ಡೈರಿ ಜಗಲಿಯಿಂದ ತಲೆ ಎತ್ತಿ ನೋಡ್ತೀನಿ, ನಮ್ಮ ಕಟ್ಟಡದ ಮೇಲೆ ಯಾರೋ ಪಟಪಟ ಬಟ್ಟೆ ಒಗೀತಾವ್ರೆ! ಓಡಿಹೋಗಿ ಏಣಿ ಹತ್ತಿದೆ. ಎದುರು ಮನೆ ಅಕ್ಕ ಸೀರೆ ಎತ್ತಿ ಕಟ್ಕೊಂಡು, ಮನೆಯ ಕಂಬಳಿ ಕೌದಿ ಎಲ್ಲ ಹರಡಿ ಕೂತಿದ್ದಾಳೆ. ನೊರೆ ಎದ್ದು ಸ್ಲ್ಯಾಬೇ ಕಾಣ್ತಿಲ್ಲ.

"ಅಯ್ಯೋ, ಏನಕ್ಕಾ ಇದು ಅನ್ಯಾಯ!"

"ಇಷ್ಟೊಂದು ನೀರು ಸುಮ್ನೆ ನಿಂತೈತಲ್ಲ ಟೀಚರಮ್ಮ, ನೋಡೋಕಾಗ್ಲಿಲ್ಲ."

"ಸೋಪಿನ ನೀರು ಕಣಕ್ಕಾ! ಸ್ಲ್ಯಾಬು ಏನಾಗ್ಬೇಕು?"

"ಏನಾಗುತ್ತೆ? ಮಕ್ಕಳಿರೋ ಜಾಗ, ಘಮ್ ಅಂತಿರ್ಲಿ ಬಿಡು."

ಬೆಳೆಯೋ ಮಕ್ಕಳು

ಗಾರೆ ಮೇಸ್ತ್ರಿ ಕಡೂರಿನವನು, ಒಳ್ಳೆ ಕೆಲಸಗಾರ, ಇಲ್ಲ ಅನ್ನಲ್ಲ. ಮಕ್ಕಳು ಕೈ ತೊಳೆಯೋ ಬೇಸಿನ್ನು ಕೂರಿಸಿದ. ನೋಡಿದ್ರೆ ನನ್ನ ಎದೆಮಟ್ಟಕ್ಕಿದೆ.

"ಏನಪ್ಪಾ, ಮೂರು ವರ್ಷದ ಮಗು ಇಲ್ಲಿ ಹೆಂಗೆ ಕೈ ತೊಳೆಯುತ್ತೆ?"

"ಮಕ್ಕಳು ಬೆಳೀತಾವಲ್ಲ ಮೇಡಂ," ಅಂದ ನಿಧಾನಕ್ಕೆ. "ಕಟ್ಟೋವಾಗ ಮುಂದಿಂದೂ ಯೋಚನೆ ಮಾಡ್ಬೇಕು."

ನನಗೆ ಮೈಯೆಲ್ಲ ಉರಿದುಹೋಯ್ತು. "ಬೆಳೆದ ಮೇಲೆ ಸ್ಕೂಲಿಗೆ ಹೋಗ್ತಾವೆ ಕಣಪ್ಪಾ! ಇಲ್ಲಿಗೆ ಬರೋವು ಮತ್ತೆ ಇಷ್ಟುದ್ದವೇ ಇರ್ತಾವೆ!"

ಕರಣೆ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ನನ್ನನ್ನ ಕನಿಕರದಿಂದ ನೋಡಿ, "ಹಂಗಾದ್ರೆ ನಿಮ್ಮತ್ರ ಯಾರೂ ಬೆಳೆಯೋದೇ ಇಲ್ವಾ?" ಅಂದ.

ಮೊದಲು ಒಳಗೆ ಹೋದವರು

ಬೇಸಿನ್ನು ಕಿತ್ತು ಕೆಳಗಿಳಿಸಿ, ಸುಣ್ಣ ಬಣ್ಣ ಎಲ್ಲ ಮುಗೀತು. ಮಕ್ಕಳನ್ನ ಕರ್ಕೊಂಡು ಹೋಗೋಣ ಅಂದ್ರೆ ಕಂಟ್ರಾಕ್ಟರು ಬೀಗ ಜಡಿದ. "ಸಾಹೇಬ್ರು ಬಂದು ಟೇಪ್ ಕಟ್ ಮಾಡೋವರ್ಗೂ ಯಾರೂ ಒಳಗೆ ಹೋಗಂಗಿಲ್ಲ." ಸಾಹೇಬ್ರು ಅಂದ್ರೆ ನಮ್ಮ ದೊಡ್ಡ ಲೀಡರು. ಅವರ ಡೇಟು ಇವತ್ತು, ನಾಳೆ ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಇತ್ತ ಮೋಡ ಕಟ್ಟಿ ಜಗಲಿ ಮೇಲೆ ಎರಚಲು ಶುರುವಾಗೇಬಿಡ್ತು.

ಒಂದು ಬೆಳಿಗ್ಗೆ ಕಿಟಕಿಯಲ್ಲಿ ಇಣುಕಿದ್ರೆ, ಹಾಲ್ ತುಂಬ ಈರುಳ್ಳಿ! ಕಂಟ್ರಾಕ್ಟರ ಷಡ್ಡಕನ ಹೊಲದ್ದಂತೆ.

"ಮಳೆಯಲ್ಲಿ ನೆಂದ್ರೆ ಕೊಳೆತುಹೋಗುತ್ತೆ ಮೇಡಂ," ಅಂದ ಕಂಟ್ರಾಕ್ಟರು.

"ನನ್ನ ಮಕ್ಕಳು ನೆಂದ್ರೆ? ಈರುಳ್ಳಿಗೆ ಉದ್ಘಾಟನೆ ಬೇಡ, ಮಕ್ಕಳಿಗೆ ಬೇಕು, ಅಲ್ವೇನ್ರೀ?" ಅಂತ ರಸ್ತೆಯಲ್ಲೇ ನಿಂತು ಬೈದೆ. ಕಣ್ಣಲ್ಲಿ ನೀರು ಬಂದ್ಬಿಡ್ತು.

ಅವನು ಸಮಾಧಾನ ಹೇಳಿದ: "ಅಳಬೇಡಿ ಮೇಡಂ. ಈರುಳ್ಳಿ ಘಾಟಿಗೆ ಎಲ್ಲರಿಗೂ ಹಂಗೇ ಆಗುತ್ತೆ."

ಉದ್ಘಾಟನೆ

ಅಂತೂ ಡೇಟು ಸಿಕ್ತು. ಈರುಳ್ಳಿ ಖಾಲಿಯಾಯ್ತು, ಹಾಲ್ ತೊಳೆದ್ವಿ. ಬೆಳಿಗ್ಗೆಯೇ ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿ, ಕೈಗೊಂದು ಹೂವು ಕೊಟ್ಟು ಶಾಮಿಯಾನದ ಕೆಳಗೆ ನಿಲ್ಲಿಸಿದ್ರು. ಮಧ್ಯಾಹ್ನವಾಯ್ತು. ಸಾಹೇಬ್ರ ಸುಳಿವಿಲ್ಲ. ಮಕ್ಕಳು ಹಸಿದು ಹೂವನ್ನೇ ತಿನ್ನೋಕೆ ಶುರು ಮಾಡಿದ್ವು. ಅಷ್ಟರಲ್ಲಿ ದಬದಬ ಮಳೆ. ಶಾಮಿಯಾನ ಜರಡಿ ಥರ ಸೋರ್ತಿದೆ.

"ಬಾಗಿಲು ತೆಗೀರಿ," ಅಂದೆ.

"ಬಾಗಿಲಿಗೆ ಟೇಪ್ ಕಟ್ಟಿದ್ದೀವಿ ಮೇಡಂ, ಮುಟ್ಟಂಗಿಲ್ಲ," ಅಂದ ಕಂಟ್ರಾಕ್ಟರು.

ಸರಿ, ಮುಟ್ಟಲಿಲ್ಲ. ಹಿಂದೆ ಅಡುಗೆಮನೆ ಬಾಗಿಲು ತೆಗೆದೇ ಇತ್ತು. ನಮ್ಮ ಸಹಾಯಕಿ ಅಲ್ಲಿ ಅತಿಥಿಗಳಿಗೆ ಅಂತ ಕೇಸರಿಬಾತ್ ಮಾಡಿ ಇಳಿಸಿದ್ದಳು. ಮಕ್ಕಳನ್ನ ಅದೇ ಬಾಗಿಲಿಂದ ಒಳಗೆ ಸೇರಿಸಿ, ಮೈ ಒರೆಸಿ, ಸಾಲಾಗಿ ಕೂರಿಸಿ, ಕೇಸರಿಬಾತ್ ಬಡಿಸ್ತಾ ಬಂದ್ವಿ. ಯಾರೇನಾದ್ರೂ ಅಂದ್ಕೊಳ್ಳಲಿ!

ಆಗ ಬಂದ್ರು ಸಾಹೇಬ್ರು. ಹೊರಗೆ ಜೈಕಾರ, ಕತ್ತರಿ, ಚಪ್ಪಾಳೆ. ಬಾಗಿಲು ತೆಗೆದ್ರೆ, ಆಗಲೇ ಉದ್ಘಾಟನೆಯಾದ ಹಾಲ್! ಮಕ್ಕಳೆಲ್ಲ ಬೆರಳು ನೆಕ್ತಾ ಅವರನ್ನೇ ನೋಡ್ತಿವೆ. ಕಂಟ್ರಾಕ್ಟರ ಮುಖ ಬಿಳಚಿಕೊಂಡಿತು. ನನ್ನ ಕೆಲಸ ಹೋಯ್ತು ಅಂದ್ಕೊಂಡೆ.

ಸಾಹೇಬ್ರು ನೆಟ್ಟಗೆ ಮುಂದಿನ ಸಾಲಿಗೆ ಬಂದ್ರು. ಅಲ್ಲಿದ್ದ ನಾಲ್ಕು ವರ್ಷದ ಪುಟ್ಟಿ, ನಾನು ದಿನಾ ಮಕ್ಕಳಿಗೆ ಹೇಳೋ ಮಾತನ್ನ ನನ್ನ ದನಿಯಲ್ಲೇ ಗದರಿದಳು:

"ಲೇಟಾಗಿ ಬಂದೋರು ಹಿಂದ್ಗಡೆ ಕೂತ್ಕೋಬೇಕು!"

ಸಾಹೇಬ್ರು ಪುಟ್ಟಿಯನ್ನ ನೋಡಿದ್ರು, ನನ್ನನ್ನ ನೋಡಿದ್ರು. ಚಪ್ಪಲಿ ಬಿಟ್ಟು ಹಿಂದಕ್ಕೆ ಹೋಗಿ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ರು. ಅವರೇ ಕೂತ ಮೇಲೆ ಕಂಟ್ರಾಕ್ಟರು, ಇಂಜಿನಿಯರು, ಹಾಲಿ, ಮಾಜಿ ಎಲ್ಲರೂ ಸಾಲಾಗಿ ಕೂತು ಕೈ ಚಾಚಿದ್ರು.

ಅವರ ಸಾಲಿಗೆ ಬರೋ ಹೊತ್ತಿಗೆ ಕೇಸರಿಬಾತ್ ಖಾಲಿ.