ಗುಮಾಸ್ತರ ಕ್ರೊನೊಗ್ರಾಫ್

ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರವನ್ನು ಟಪಾಲು ಗುಮಾಸ್ತರು ಮೂವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದರು. ಅದು ಕ್ರೊನೊಗ್ರಾಫ್. ದೊಡ್ಡ ಮುಖದೊಳಗೆ ಮೂರು ಪುಟ್ಟ ಮುಖ, ಪಕ್ಕದಲ್ಲಿ ಎರಡು ಗುಂಡಿ. ಮೇಲಿನ ಗುಂಡಿ ಒತ್ತಿದರೆ ಓಟದ ಕುದುರೆಯ ವೇಗವನ್ನೂ ಅಳೆಯಬಹುದಂತೆ. ಗುಮಾಸ್ತರು ಮಾತ್ರ ಸಹೋದ್ಯೋಗಿಗಳು ಚಹಾಕ್ಕೆ ಹೋಗಿ ಬರುವ ಹೊತ್ತನ್ನು ಅಳೆಯುತ್ತಿದ್ದರು. ಹಾಗಾಗಿ ಕಚೇರಿಯಲ್ಲಿ ಅವರ ಮೇಲೆ ಯಾರಿಗೂ ಪ್ರೀತಿ ಉಕ್ಕುತ್ತಿರಲಿಲ್ಲ.

ಅಂದು ಬೆಳಿಗ್ಗೆ ಕಿಟಕಿಯಾಚೆಯಿಂದ ಲಕೋಟೆ ಚಾಚಿದ ಸಾಹೇಬರೊಬ್ಬರು ಗುಮಾಸ್ತರ ಮಣಿಕಟ್ಟು ಕಂಡವರೇ ನಿಂತಲ್ಲೇ ನಿಂತರು. ಹಳೆಯ ಗಡಿಯಾರ ಕೂಡಿಡುವ ಹುಚ್ಚಿನವರು.

“ಇದು ನಿಮ್ಮದೇನಾ? ಈ ಮಾದರಿ ಲೋಕದಲ್ಲೇ ನಲವತ್ತೋ ಐವತ್ತೋ ಉಳಿದಿರೋದು! ಸಂಜೆ ಐದಕ್ಕೆ ಭೂತಗನ್ನಡಿ ತಂದು ನೋಡ್ತೀನಿ. ಅಸಲಿಯಾಗಿದ್ರೆ ಒಂದು ಮನೆಯ ಬೆಲೆ ಕೊಡ್ತೀನಿ.”

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ನಿನ್ನೆಯವರೆಗೆ ಮುಖ ತಿರುಗಿಸುತ್ತಿದ್ದ ಬೆರಳಚ್ಚುಗಾರ್ತಿ ತಮ್ಮ ಕುರ್ಚಿಯ ದಿಂಬನ್ನೇ ತಂದು ಕೊಟ್ಟರು. ಲೆಕ್ಕದ ವಿಭಾಗದವನು, “ಅಣ್ಣಾ, ಇನ್ನೂ ಯಾಕೆ ಆ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಲ್ತೀರಿ? ನಾನಾಗಿದ್ರೆ ಇಷ್ಟೊತ್ತಿಗೆ ರಾಜೀನಾಮೆ ಮುಖಕ್ಕೆ ಎಸೀತಿದ್ದೆ!” ಎಂದ. ಬಿಟ್ಟಿ ಉಪದೇಶ ಕೊಡುವವನಿಗೆ ಏನು ನಷ್ಟ?

ಮೂರು ಗಂಟೆಗೆ ಮ್ಯಾನೇಜರು, “ಈ ಟಪಾಲಿನ ಕಟ್ಟು ಯಾಕ್ರೀ ಇನ್ನೂ ಹೋಗಿಲ್ಲ?” ಎಂದು ಗದರಿದರು. ಗುಮಾಸ್ತರು ಅಭ್ಯಾಸಬಲದಿಂದ ಗುಂಡಿ ಒತ್ತಿ, ಮೂವತ್ತು ವರ್ಷ ನುಂಗಿದ್ದ ಮಾತನ್ನೆಲ್ಲ ಕಕ್ಕಿದರು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಹಿಡಿಯಿತು. ಕೊನೆಗೆ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟರು. ಮ್ಯಾನೇಜರು ಅಲ್ಲೇ ಸಹಿ ಹಾಕಿದರು. ಆ ಕಚೇರಿಯಲ್ಲಿ ಯಾವ ಕಾಗದವೂ ಅಷ್ಟು ಬೇಗ ಮಂಜೂರಾಗಿದ್ದಿಲ್ಲ.

ಐದಕ್ಕೆ ಬಂದ ಸಾಹೇಬರು ಭೂತಗನ್ನಡಿ ಹಿಡಿದವರೇ ಮುಖ ಸಿಂಡರಿಸಿದರು. “ಡಯಲ್ ಯಾಕೆ ಇಷ್ಟು ಬೆಳ್ಳಗಿದೆ?”

“ಹಳೇದು ಬಣ್ಣ ಮಾಸಿತ್ತು ಸರ್, ಬದಲಾಯಿಸಿದೆ!” ಗುಮಾಸ್ತರ ಎದೆ ಉಬ್ಬಿತು. “ಮುಳ್ಳು, ಗಾಜು, ಗುಂಡಿ, ಒಳಗಿನ ಚಕ್ರ, ಚೂರು ಸವೆದ್ರೂ ಅದೇ ತರಹದ್ದು ಹೊಸದು ಹಾಕಿಸಿದೀನಿ. ಗೀರು ಬಿತ್ತು ಅಂತ ಹೋದ ವರ್ಷ ಕವಚಾನೂ.”

“ಅಯ್ಯೋ ಪುಣ್ಯಾತ್ಮ! ಆ ಮಾಸಿದ ಬಣ್ಣಕ್ಕೇ ಕಣ್ರೀ ಬೆಲೆ! ಯಾವುದೋ ಮೂಲೇಲಿ ಎಸೆದು ಮರೆತಿದ್ರೆ ಇವತ್ತು ನೀವು ಶ್ರೀಮಂತರು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಳೆಯಿಂದ ಕೆಲಸವೂ ಇಲ್ಲ. ಹೆಂಡತಿಗೆ ಏನು ಹೇಳುವುದೆಂದು ನೆನೆದೇ ಗುಮಾಸ್ತರು ಬೆವತರು. ಅಷ್ಟರಲ್ಲಿ ಏನೋ ಹೊಳೆಯಿತು. “ಸರ್, ನಮ್ಮ ರಿಪೇರಿಯವರು ಒಂದು ಸ್ಕ್ರೂ ಕೂಡ ಬಿಸಾಡೋರಲ್ಲ. ಬನ್ನಿ!”

ಇಬ್ಬರೂ ಗಡಿಯಾರದಂಗಡಿಗೆ ಓಡಿದರು. ರಿಪೇರಿಯ ಮುದುಕರು ಕಣ್ಣಿನ ಮಸೂರ ತೆಗೆದು ನಕ್ಕರು.

“ನಿಮ್ಮ ಹಳೇ ಸಾಮಾನಾ? ಭದ್ರವಾಗಿದೆ. ‘ಆ ಕಸ ನನಗ್ಯಾಕೆ, ನೀವೇ ಇಟ್ಕೊಳ್ಳಿ’ ಅಂತ ಪ್ರತಿ ಸಲ ಅಂದ್ರಲ್ಲ, ಇಟ್ಕೊಂಡೆ. ಹೋದ ವರ್ಷ ಕವಚಾನೂ ಬಂತು. ಎಲ್ಲಾ ಒರೆಸಿ ಜೋಡಿಸಿಬಿಟ್ಟೆ.”

ಮುದುಕರು ಅಂಗಿಯ ತೋಳು ಮೇಲಕ್ಕೆ ಮಡಚಿದರು. ಮಾವ ಕೊಟ್ಟ ಗಡಿಯಾರ, ಮಾಸಿದ ಮುಖ, ಗೀರು ಬಿದ್ದ ಮೈ ಸಮೇತ, ಅವರ ಮಣಿಕಟ್ಟಿನಲ್ಲಿ ಓಡುತ್ತಿತ್ತು.

ಸಾಹೇಬರು ಅಲ್ಲೇ ನಿಂತು ಮನೆಯ ಬೆಲೆಯ ಚೆಕ್ಕನ್ನು ಮುದುಕರಿಗೆ ಬರೆದುಕೊಟ್ಟರು. ಆಮೇಲೆ ಗುಮಾಸ್ತರತ್ತ ಒಂದು ಫಾರಂ ಚಾಚಿದರು. “ಇದರ ಮೊದಲ ಮಾಲೀಕರು ನೀವೇ ಅಂತ ಸಾಕ್ಷಿ ಬೇಕು. ಹೆಸರು, ವಿಳಾಸ, ಉದ್ಯೋಗ ಬರೆದು ಸಹಿ ಹಾಕಿ.”

ಗುಮಾಸ್ತರು ಹೆಸರು ಬರೆದರು, ವಿಳಾಸ ಬರೆದರು. ಮುಂದಿನ ಸಾಲಿಗೆ ಬಂದಾಗ ಪೆನ್ನು ನಿಂತಿತು.

“ಬೇಗ ಬರೀರಿ, ಹೊತ್ತಾಯ್ತು,” ಎಂದರು ಸಾಹೇಬರು.

“ನನಗಿನ್ನೇನು ಅವಸರ ಸರ್?” ಎಂದರು ಗುಮಾಸ್ತರು.